ಶಿಲೀಂಧ್ರ ವರ್ಗೀಕರಣದಲ್ಲಿ ಪಿಎಚ್‌ಡಿ: ಅನುಭವ ಇದ್ದವರು ಹೇಳಿ

ಪ್ರಶ್ನೆ: ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ ಆಯ್ತು. ಅಣಬೆಗಳ ವರ್ಗೀಕರಣಕ್ಕೆ ಗೈಡ್ ಒಪ್ಪಿದ್ದಾರೆ. ಜೆಆರ್‌ಎಫ್ (ನೆಟ್ ಪರೀಕ್ಷೆ ಬರೆದು ಪಡೆಯುವ ಸಂಶೋಧನಾ ಫೆಲೋಶಿಪ್) ಇಲ್ಲ. ಅಪ್ಪ ಬ್ಯಾಂಕ್ ಪರೀಕ್ಷೆ ಬರಿ ಅಂತಾರೆ. ಏನು ಮಾಡಲಿ?

ಘಟ್ಟದವ: ನಾನು ಮಾಡಿದ್ದು ಇದನ್ನೇ. ಮಳೆಯಲ್ಲಿ ಅಣಬೆ ಹುಡುಕುವುದು ಸುಲಭದ ಭಾಗ. ಅವತ್ತೇ ಬಣ್ಣ, ವಾಸನೆ ಬರೆದುಕೊಂಡು ಡ್ರೈಯರ್‌ಗೆ ಹಾಕದಿದ್ದರೆ ಬೆಳಿಗ್ಗೆ ಬರೀ ಹುಳ. ಕರೆಂಟ್ ಹೋದರೆ ಮುಗೀತು. ಪ್ರಭೇದ ಗುರುತಿಸಲು ಐಟಿಎಸ್ ಅನ್ನುವ ಡಿಎನ್‌ಎ ಭಾಗದ ಸೀಕ್ವೆನ್ಸಿಂಗಿಗೆ ಮಾದರಿಗೆ 700 ರೂಪಾಯಿ ಕೊಟ್ಟೆ. ಫಲಿತಾಂಶ ಬರದಿದ್ದರೂ ಬಿಲ್ ಬರುತ್ತೆ. ಆಮೇಲೆ ವಿಮರ್ಶಕರು ಎಲ್‌ಎಸ್‌ಯು, ಆರ್‌ಪಿಬಿ2 ಅನ್ನುವ ಬೇರೆ ಡಿಎನ್‌ಎ ಭಾಗಗಳೂ ಬೇಕು ಅಂದರು. ಖರ್ಚು ಮೂರು ಪಟ್ಟು, ಎಲ್ಲ ಕೈಯಿಂದ. ಹೊಸ ಪ್ರಭೇದ ಪ್ರಕಟವಾಯಿತು. ಸಂದರ್ಶನದಲ್ಲಿ ಕೇಳಿದ್ದು ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ (ಉಲ್ಲೇಖಗಳ ಮೇಲಿನ ಅಂಕ) ಎಷ್ಟು ಅಂತ. ಈಗಲೂ ಅತಿಥಿ ಉಪನ್ಯಾಸಕ.

ಪುಣೆ ಕನ್ನಡಿಗ: ಬರೀ ಗೋಳು ಯಾಕೆ ಸಾರ್? ಹೆಸರಿಟ್ಟಿರುವ ಶಿಲೀಂಧ್ರಗಳು ಸುಮಾರು ಒಂದೂವರೆ ಲಕ್ಷ. 2017ರ ಅಂದಾಜಿನಲ್ಲಿ ಇರುವುದು 22ರಿಂದ 38 ಲಕ್ಷ. ಕೆಲಸಕ್ಕೇನು ಬರವಿಲ್ಲ. ನನ್ನ ಎರಡು ಪ್ರಭೇದಗಳ ಟೈಪ್ ಮಾದರಿ (ಹೆಸರಿಗೆ ಆಧಾರವಾದ ಮೂಲ ಮಾದರಿ) ಇಲ್ಲಿ ಪುಣೆಯ ಅಜ್ರೇಕರ್ ಶಿಲೀಂಧ್ರ ಹರ್ಬೇರಿಯಂನಲ್ಲಿವೆ. ಹೊಸ ಪ್ರಭೇದಕ್ಕೆ ಲ್ಯಾಟಿನ್ ವಿವರಣೆ ಬರೆಯುವ ಕಾಟ 2012ಕ್ಕೇ ತಪ್ಪಿತು. ಶಿಲೀಂಧ್ರದ ಹೆಸರು ನೋಂದಾಯಿಸುವ ಮೈಕೋಬ್ಯಾಂಕ್ ತಾಣದ ನಂಬರ್ ಪಡೆದರೆ ಆಯ್ತು. ನನಗಂತೂ ಬೇಸರವಿಲ್ಲ.

ಅಡಿಕೆ ತೋಟದವ: ಹೆಸರಿಟ್ಟು ಏನು ಬಂತು? ಅಡಿಕೆ ಕೊಳೆರೋಗದ ಶಿಲೀಂಧ್ರದ ಬಗ್ಗೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಕೋಲ್ಮನ್ ಸಾಹೇಬರು 1910ರಲ್ಲೇ ಬರೆದರು. ನಾವು ಇವತ್ತಿಗೂ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೀತಾ ಇದ್ದೇವೆ. ಮೈಲುತುತ್ತದ ರೇಟು ನೋಡಿದ್ದೀರಾ? ಮರ ಹತ್ತುವವರ ಕೂಲಿ? ನನ್ನ ತಮ್ಮ ಪಿಎಚ್‌ಡಿ ಅರ್ಧಕ್ಕೆ ಬಿಟ್ಟು ಚಿಪ್ಪು ಅಣಬೆಯ ಬೀಜ ಮಾಡಿ ಮಾರುತ್ತಾನೆ. ಕಾರು ತಗೊಂಡ.

ಪುಣೆ ಕನ್ನಡಿಗ: ಕೊಳೆರೋಗ ತರುವುದು ಶಿಲೀಂಧ್ರವೇ ಅಲ್ಲ! ಫೈಟಾಫ್ತೊರಾ ಅನ್ನುವ ಆ ರೋಗಾಣು ಊಮೈಸೀಟ್ ಗುಂಪಿನದು. ಕಂದು ಪಾಚಿಗೆ ಹತ್ತಿರದ ನೆಂಟ.

ಅಡಿಕೆ ತೋಟದವ: ಪಾಚಿಯೋ ಬೂಷ್ಟೋ, ಕಾಯಿ ಉದುರುತ್ತೆ ಅಲ್ವಾ?

ಪುಣೆ ಕನ್ನಡಿಗ: ಅಂಗಡಿಯವ ಟ್ರೈಅಜೋಲ್ ಅನ್ನುವ ಶಿಲೀಂಧ್ರನಾಶಕ ಕೊಟ್ಟರೆ ಹೊಡೆದು ನೋಡಿ. ಶಿಲೀಂಧ್ರಕ್ಕೆ ನಾಟುತ್ತೆ, ಇದಕ್ಕೆ ನಾಟಲ್ಲ. ವರ್ಗೀಕರಣದಿಂದ ಏನು ಬಂತು ಅಂತ ಆಗ ಗೊತ್ತಾಗುತ್ತೆ.

ಅಡಿಕೆ ತೋಟದವ: ಪಾಠ ಬೇಡ. ಒಂದು ಮಳೆಗಾಲ ಬಂದು ದೋಟಿ ಹಿಡೀರಿ.

ಘಟ್ಟದವ: ತೋಟದ ಜಗಳ ಆಮೇಲೆ. ಪುಣೆಯವರೇ, ನಿಮಗೆ ಜೆಆರ್‌ಎಫ್ ಇತ್ತಾ?

ಪುಣೆ ಕನ್ನಡಿಗ: ಇತ್ತು. ಅದಕ್ಕೇನೀಗ?

ಘಟ್ಟದವ: ಅದನ್ನ ಮೊದಲೇ ಹೇಳಬೇಕಿತ್ತು. ಈಗ ತಿಂಗಳಿಗೆ 37,000 ಅದು. ನನ್ನ ಡ್ರೈಯರ್ ಕೂಡ ಸಾಲದ್ದು. ಪ್ರಶ್ನೆ ಕೇಳಿದ ಹುಡುಗಿಗೂ ಜೆಆರ್‌ಎಫ್ ಇಲ್ಲ, ಪ್ರಶ್ನೆ ಓದಿದ್ದೀರಾ?

ಪುಣೆ ಕನ್ನಡಿಗ: ನಾನು ನೆಟ್ ಬರೆದು ತಗೊಂಡಿದ್ದು, ಯಾರೂ ದಾನ ಕೊಟ್ಟಿದ್ದಲ್ಲ.