ಥೀಮ್ ಪಾರ್ಕ್ ಪ್ರವಾಸ: ಟಿಕೆಟ್ ಕೊಂಡ ಮೇಲೂ ಮುಗಿಯದ ಖರ್ಚು, ಹೋಗಿ ಬಂದವರ ಅನುಭವ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬರುವ ರಜೆಯಲ್ಲಿ ಅಮೆರಿಕದ ಫ್ಲಾರಿಡಾದ ಒರ್ಲ್ಯಾಂಡೊಗೆ ಹೋಗುವ ಯೋಚನೆ ಇದೆ. ಹಲವು ಪಾರ್ಕ್‌ಗಳಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಕೆಲವು ದಿನ, ಅದೇ ಊರಿನಲ್ಲಿರುವ ಇನ್ನೊಂದು ಕಂಪನಿಯ ಥೀಮ್ ಪಾರ್ಕ್ ಯೂನಿವರ್ಸಲ್‌ನಲ್ಲಿ ಒಂದು ದಿನ. ನಾನು, ಯಜಮಾನರು, ಹನ್ನೊಂದು ವರ್ಷದ ಮಗಳು, ಆರು ವರ್ಷದ ಮಗ, ಜೊತೆಗೆ ಮಂಡಿನೋವಿರುವ ನಮ್ಮ ಅತ್ತೆ. ಟಿಕೆಟ್ ದುಬಾರಿ ಎಂದು ಗೊತ್ತಿತ್ತು, ಅದಕ್ಕೆ ಸಿದ್ಧರಾಗಿಯೇ ಇದ್ದೆವು. ಆದರೆ ಟಿಕೆಟ್ ಆರಿಸಿದ ಮೇಲೆ ಒಂದೊಂದೇ ಶುಲ್ಕ ಕಾಣಿಸತೊಡಗಿತು. ಸಾಲು ತಪ್ಪಿಸಲು ಒಂದು ದರ, ಒಂದೇ ದಿನ ಎರಡು ಪಾರ್ಕ್‌ಗಳಿಗೆ ಹೋಗಲು ಇನ್ನೊಂದು, ಕಾರು ನಿಲ್ಲಿಸಲು ಮತ್ತೊಂದು, ಅಲ್ಲಿ ತೆಗೆಯುವ ಫೋಟೊಗಳಿಗೆ ಬೇರೆ. ಇಷ್ಟು ಹಣಕ್ಕೆ ಬೇರೆಲ್ಲಾದರೂ ನೆಮ್ಮದಿಯಾಗಿ ಇದ್ದು ಬರಬಹುದು ಎನ್ನುತ್ತಾರೆ ಯಜಮಾನರು. ಮಗಳು ಮಾತ್ರ ಬಹಳ ಕಾಲದಿಂದ ಇದನ್ನೇ ಕನಸು ಕಾಣುತ್ತಿದ್ದಾಳೆ. ಈ ಹೆಚ್ಚುವರಿ ಖರ್ಚು ಪ್ರವಾಸದ ಸಂತೋಷವನ್ನು ನಿಜಕ್ಕೂ ತಿಂದುಹಾಕುತ್ತದೆಯೇ? ಯಾವುದಕ್ಕೆ ಹಣ ಕೊಡಬೇಕು, ಯಾವುದನ್ನು ಬಿಡಬೇಕು? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಹಲವು ವರ್ಷಗಳಿಂದ ಹೋಗುತ್ತಿರುವ ಒಬ್ಬರು

ಮೇಡಂ, ಎಲ್ಲ ಖರ್ಚನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಗೊಂಬೆ, ಫೋಟೊ, ತಿಂಡಿ ಇವೆಲ್ಲ ಕೊಂಡರೆ ಉಂಟು, ಬಿಟ್ಟರೆ ಇಲ್ಲ. ಪಕ್ಕದವರು ಕೊಂಡರೆಂದು ನಿಮ್ಮ ದಿನ ಕೆಡುವುದಿಲ್ಲ. ಸಾಲು ತಪ್ಪಿಸುವ ಶುಲ್ಕ ಹಾಗಲ್ಲ. ಅದನ್ನು ಕೊಳ್ಳದವರೂ ಅದರ ಬೆಲೆ ತೆರುತ್ತಾರೆ. ಹಣದಲ್ಲಲ್ಲ, ಬಿಸಿಲಿನಲ್ಲಿ ನಿಂತು ಕಳೆದ ಹೊತ್ತಿನಲ್ಲಿ. ನನ್ನ ಸಿಟ್ಟೆಲ್ಲ ಇದೊಂದರ ಮೇಲೆ.

ಡಿಸ್ನಿ ಪಾರ್ಕ್‌ಗಳಲ್ಲಿ 1999ರಲ್ಲಿ ಫಾಸ್ಟ್‌ಪಾಸ್, ಅಂದರೆ ಉದ್ದ ಸಾಲಿನಲ್ಲಿ ನಿಲ್ಲದೆ ಗೊತ್ತಾದ ವೇಳೆಗೆ ಬಂದು ರೈಡ್ ಹತ್ತುವ ವ್ಯವಸ್ಥೆ, ಬಂದಾಗ ಅದು ಟಿಕೆಟ್ ಇದ್ದ ಎಲ್ಲರಿಗೂ ಉಚಿತವಾಗಿತ್ತು. ಬೆಳಿಗ್ಗೆ ಬೇಗ ಎದ್ದು ಬಂದವರಿಗೆ ಒಳ್ಳೆಯ ವೇಳೆ ಸಿಗುತ್ತಿತ್ತು. 2020ರಲ್ಲಿ ಪಾರ್ಕ್‌ಗಳು ಮುಚ್ಚಿದಾಗ ನಿಂತುಹೋದ ಆ ವ್ಯವಸ್ಥೆ ಮತ್ತೆ ಬರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಅದರ ಜಾಗಕ್ಕೆ ಜೀನಿ ಪ್ಲಸ್ ಬಂತು. ಡಿಸ್ನಿ ವರ್ಲ್ಡ್‌ನಲ್ಲಿ ಒಬ್ಬರಿಗೆ ದಿನಕ್ಕೆ 15 ಡಾಲರ್. ಮರುವರ್ಷವೇ ದರ ದಿನದಿಂದ ದಿನಕ್ಕೆ ಬದಲಾಗತೊಡಗಿತು, 2023ರಲ್ಲಿ ಪಾರ್ಕಿಗೊಂದು ದರವಾಯಿತು. 2024ರ ಜುಲೈನಲ್ಲಿ ಹೆಸರು ಬದಲಾಗಿ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಆಯಿತು. ಅತಿ ಬೇಡಿಕೆಯ ಕೆಲವು ರೈಡ್‌ಗಳು ಇದರಲ್ಲಿ ಸೇರುವುದಿಲ್ಲ, ಅವಕ್ಕೆ ಸಿಂಗಲ್ ಪಾಸ್ ಬೇರೆಯಾಗಿ ಕೊಳ್ಳಬೇಕು. ಅದೇ ವರ್ಷದ ಕೊನೆಯಲ್ಲಿ ಪ್ರೀಮಿಯರ್ ಪಾಸ್ ಕೂಡ ಬಂತು. ವೇಳೆ ಕಾಯ್ದಿರಿಸುವ ಗೊಡವೆಯೇ ಇಲ್ಲದೆ ಯಾವಾಗ ಬೇಕಾದರೂ ಹಣ ಕೊಟ್ಟವರ ಸಾಲಿಗೆ ನುಗ್ಗುವ ಸವಲತ್ತು. ಆರಂಭದಲ್ಲಿ ಅದರ ದರ ದಿನ ಮತ್ತು ಪಾರ್ಕಿಗೆ ತಕ್ಕಂತೆ ತಲೆಗೆ 129ರಿಂದ 449 ಡಾಲರ್‌ವರೆಗೆ ಇತ್ತು, ಅದೂ ಪ್ರವೇಶ ಟಿಕೆಟ್ಟಿನ ಮೇಲೆ.

ಒಂದು ರೈಡ್ ಗಂಟೆಗೆ ಸಾವಿರ ಜನರನ್ನು ಹತ್ತಿಸಿಕೊಳ್ಳುತ್ತದೆ ಎಂದುಕೊಳ್ಳಿ. ನಿಮ್ಮ ಮುಂದೆ ಮುನ್ನೂರು ಜನ ಇದ್ದಾರೆ. ಬೇರೆ ಸಾಲೇ ಇಲ್ಲದಿದ್ದರೆ ಸುಮಾರು ಹದಿನೆಂಟು ನಿಮಿಷದಲ್ಲಿ ನಿಮ್ಮ ಸರದಿ. ಆ ಸಾವಿರದಲ್ಲಿ ಏಳುನೂರು ಜಾಗ ಹಣ ಕೊಟ್ಟವರ ಸಾಲಿಗೆ ಹೋದರೆ ಅದೇ ಮುನ್ನೂರು ಜನ ಕರಗಲು ಒಂದು ಗಂಟೆ ಬೇಕು. ಹಾಗೆಂದು ಪಾಸ್ ಇಲ್ಲದಿದ್ದರೆ ಎಲ್ಲರಿಗೂ ಹದಿನೆಂಟೇ ನಿಮಿಷ ಎನ್ನಲಾಗದು. ಆ ಏಳುನೂರು ಜನರಲ್ಲಿ ಹಲವರು ಆಗ ಇದೇ ಸಾಲಿನಲ್ಲಿ ಇರುತ್ತಿದ್ದರು. ರೈಡ್ ದಿನಕ್ಕೆ ಹೊರುವ ಜನ ಅಷ್ಟೇ. ಪಾಸ್ ಹೊಸ ಜಾಗವನ್ನು ಸೃಷ್ಟಿಸುವುದಿಲ್ಲ, ಕಾಯುವ ಹೊರೆಯನ್ನು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟಿಸುತ್ತದೆ. ಹಾಗಾಗಿ ಬರಿಯ ಟಿಕೆಟ್ ಕೊಂಡವರಿಗೆ ಮೊದಲಿಗಿಂತ ಕಡಿಮೆ ಸಿಗುತ್ತದೆ, ದರ ಮಾತ್ರ ಮೊದಲಿಗಿಂತ ಹೆಚ್ಚು.

ಇನ್ನೊಂದು ಸಂಗತಿ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕೆಲವು ರಾತ್ರಿ ಹ್ಯಾಲೋವೀನ್, ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಹೆಸರಿನಲ್ಲಿ ಡಿಸ್ನಿ ವರ್ಲ್ಡ್‌ನ ಮ್ಯಾಜಿಕ್ ಕಿಂಗ್‌ಡಂ ಪಾರ್ಕಿನಲ್ಲಿ ಪ್ರತ್ಯೇಕ ಟಿಕೆಟ್ಟಿನ ಸಂತೋಷಕೂಟ ನಡೆಯುತ್ತದೆ. ಆ ದಿನ ಸಾಮಾನ್ಯ ಟಿಕೆಟ್ಟಿನವರು ಸಂಜೆ ಆರಕ್ಕೆ ಹೊರಡಬೇಕು. ರಾತ್ರಿಯ ಬಾಣಬಿರುಸು ಅವರಿಗಿಲ್ಲ. ಹಗಲಿನಲ್ಲಿ ಜನ ಕಡಿಮೆ ಇರುತ್ತಾರೆ ಎಂದು ಬೇಕೆಂದೇ ಆ ದಿನ ಹೋಗುವವರಿದ್ದಾರೆ, ಅದು ಒಳ್ಳೆಯ ಉಪಾಯವೇ. ಆದರೆ ಕೋಟೆಯ ಮೇಲೆ ಬಣ್ಣ ಅರಳುವುದನ್ನು ನೋಡಬೇಕೆಂದು ಬಂದ ಮಗುವಿಗೆ ಇದು ಮೊದಲೇ ಗೊತ್ತಿರಬೇಕು. ದಿನ ಗೊತ್ತುಮಾಡುವ ಮೊದಲು ಪಾರ್ಕ್ ಮುಚ್ಚುವ ವೇಳೆಯನ್ನು ತಪ್ಪದೆ ನೋಡಿ.

ಇಬ್ಬರು ಮಕ್ಕಳ ತಂದೆ

ನಾವು ಲೈಟ್ನಿಂಗ್ ಲೇನ್ ಕೊಳ್ಳಲೇ ಇಲ್ಲ. ಡಿಸ್ನಿಯ ಹೋಟೆಲ್‌ನಲ್ಲಿ ಉಳಿದವರಿಗೆ ಪ್ರತಿದಿನ ಅರ್ಧ ಗಂಟೆ ಮೊದಲು ಒಳಗೆ ಬಿಡುತ್ತಾರೆ. ಆ ಅರ್ಧ ಗಂಟೆ ಮತ್ತು ಅದರ ನಂತರದ ಒಂದು ಗಂಟೆಯಲ್ಲಿ ಬೇಡಿಕೆಯ ರೈಡ್‌ಗಳನ್ನು ಮುಗಿಸಿ, ಮಧ್ಯಾಹ್ನ ಕೋಣೆಗೆ ಮರಳಿ ಮಕ್ಕಳನ್ನು ಮಲಗಿಸಿ, ಸಂಜೆ ಮತ್ತೆ ಹೋಗುತ್ತಿದ್ದೆವು. ಬೆಳಗಿನ ನಿದ್ದೆ ಬಿಡಲು ಮನೆಯವರೆಲ್ಲ ಒಪ್ಪಿದರೆ ಮಾತ್ರ ಇದು ಸಾಧ್ಯ.

ಇದನ್ನು ಒಪ್ಪದ ಒಬ್ಬರು

ಮೊದಲೆಲ್ಲ ಒಂದೇ ಟಿಕೆಟ್ಟಿನಲ್ಲಿ ಎಲ್ಲವೂ ಇತ್ತು, ಈಗ ಲೂಟಿ ನಡೆದಿದೆ ಎಂಬ ಮಾತು ಪೂರ್ತಿ ನಿಜವಲ್ಲ. 1955ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ತೆರೆದಾಗ ಪ್ರವೇಶಕ್ಕೆ ಒಂದು ಡಾಲರ್, ಒಳಗೆ ಪ್ರತಿ ರೈಡಿಗೂ ಪ್ರತ್ಯೇಕ ಹಣ. ಕೆಲವು ತಿಂಗಳಲ್ಲಿ ಕೂಪನ್ ಪುಸ್ತಕಗಳು ಬಂದವು. ಎ, ಬಿ, ಸಿ ಎಂದು ದರ್ಜೆಗಳು. 1959ರ ಹೊತ್ತಿಗೆ ಅತ್ಯಂತ ರೋಚಕ ರೈಡ್‌ಗಳಿಗೆ ಇ ದರ್ಜೆಯ ಕೂಪನ್ ಬೇಕಾಯಿತು. 1971ರಲ್ಲಿ ತೆರೆದ ಡಿಸ್ನಿ ವರ್ಲ್ಡ್‌ನಲ್ಲಿಯೂ ಇದೇ ಕ್ರಮ. ಒಮ್ಮೆ ಟಿಕೆಟ್ ಕೊಂಡರೆ ಎಲ್ಲ ರೈಡ್ ಎಂಬ ಪದ್ಧತಿ ನೆಲೆಯಾದದ್ದು 1982ರಲ್ಲಿ ಕೂಪನ್‌ಗಳು ಹೋದ ಮೇಲೆ. ಅಂದರೆ ಬೇಡಿಕೆ ಇದ್ದಲ್ಲಿ ಹೆಚ್ಚು ಹಣ ಕೇಳುವುದು ಈ ಉದ್ಯಮದಲ್ಲಿ ಹುಟ್ಟಿನಿಂದಲೇ ಇದೆ.

ಪೆನ್ಸಿಲ್ವೇನಿಯಾದ ನೋಬಲ್ಸ್ ಪಾರ್ಕಿಗೆ ನಾವು ಹೋಗಿದ್ದೆವು. ಅಲ್ಲಿ ಪ್ರವೇಶವೂ ಉಚಿತ, ಕಾರು ನಿಲ್ಲಿಸುವುದೂ ಉಚಿತ. ಯಾವ ರೈಡ್ ಬೇಕೋ ಅದಕ್ಕೆ ಮಾತ್ರ ಹಣ. ನಮ್ಮ ತಂದೆ ಮರದ ನೆರಳಿನಲ್ಲಿ ಕುಳಿತು ಮೊಮ್ಮಕ್ಕಳನ್ನು ನೋಡುತ್ತಾ ಒಂದು ಪೈಸೆ ಖರ್ಚಿಲ್ಲದೆ ಇಡೀ ದಿನ ಕಳೆದರು. ಮಂಡಿನೋವಿರುವ ಅತ್ತೆಗೆ ನೀವು ಡಿಸ್ನಿಯಲ್ಲಿ ಪೂರ್ತಿ ದರದ ಟಿಕೆಟ್ ಕೊಳ್ಳುತ್ತೀರಿ, ಅವರು ರೈಡ್ ಹತ್ತಲಿ ಬಿಡಲಿ. ಯಾವುದು ನ್ಯಾಯ ಎಂದು ನೀವೇ ಯೋಚಿಸಿ. ಎಲ್ಲವನ್ನೂ ಟಿಕೆಟ್ಟಿನೊಳಗೆ ಸೇರಿಸಿದರೆ ಕಡಿಮೆ ಬಳಸುವವರು ಹೆಚ್ಚು ಬಳಸುವವರ ಖರ್ಚನ್ನು ಹೊರುತ್ತಾರೆ.

ಮೊದಲು ಉತ್ತರಿಸಿದವರು

ನೋಬಲ್ಸ್ ಉದಾಹರಣೆ ಕೊಟ್ಟದ್ದು ಒಳ್ಳೆಯದಾಯಿತು, ಅದು ನನ್ನ ಮಾತಿಗೇ ಬಲ ಕೊಡುತ್ತದೆ. ಅಲ್ಲಿ ಬಾಗಿಲಿನಲ್ಲಿ ಏನೂ ಕೇಳುವುದಿಲ್ಲ, ಆದ್ದರಿಂದ ರೈಡಿಗೆ ಕೇಳಿದರೆ ಯಾರಿಗೂ ಬೇಸರವಿಲ್ಲ. ಕೂಪನ್ ಕಾಲದಲ್ಲಿಯೂ ಹಾಗೆಯೇ, ಪ್ರವೇಶ ಅಗ್ಗವಾಗಿತ್ತು, ರೈಡಿಗೆ ಹಣ ಇತ್ತು. ಇಂಡಿಯಾನಾದ ಹಾಲಿಡೇ ವರ್ಲ್ಡ್ ಇದಕ್ಕೆ ಪೂರ್ತಿ ವಿರುದ್ಧ. ಟಿಕೆಟ್ ಕೊಂಡರೆ ತಂಪು ಪಾನೀಯ, ಬಿಸಿಲಿಗೆ ಹಚ್ಚುವ ಲೇಪನ, ಕಾರು ನಿಲ್ಲಿಸುವುದು ಎಲ್ಲ ಉಚಿತ. ಎರಡೂ ನೇರವಾದ ವ್ಯವಹಾರ. ನನಗೆ ಒಪ್ಪಿಗೆಯಾಗದಿರುವುದು ಬಾಗಿಲಿನಲ್ಲಿಯೂ ಪೂರ್ತಿ ತೆಗೆದುಕೊಂಡು ಒಳಗೂ ಕೇಳುವುದು. ಟೋಕಿಯೊ ಡಿಸ್ನಿಲ್ಯಾಂಡ್‌ನವರು 2022ರಲ್ಲಿ ಹಣದ ಪಾಸ್ ತಂದರೂ 2023ರಲ್ಲಿ ಕೆಲವು ರೈಡ್‌ಗಳಿಗೆ ಉಚಿತ ಪಾಸನ್ನೂ ಆರಂಭಿಸಿದರು. ಮನಸ್ಸಿದ್ದರೆ ದಾರಿ ಇದೆ ಎಂದು ಇದರಿಂದ ಗೊತ್ತಾಗುತ್ತದೆ.

ಹಿರಿಯರನ್ನು ಕರೆದುಕೊಂಡು ಹೋಗಿದ್ದವರು

ಅಕ್ಕ, ನಿಮ್ಮ ಅತ್ತೆಯ ವಿಷಯ ಓದಿ ಬರೆಯುತ್ತಿದ್ದೇನೆ. ನನ್ನ ತಾಯಿಗೂ ಮಂಡಿನೋವು. ಆ ಪಾರ್ಕ್‌ಗಳಲ್ಲಿ ನಡೆಯುವ ದೂರ ಬಹಳ, ಬೇರೆ ಯಾವ ಹೆಚ್ಚುವರಿ ಖರ್ಚನ್ನು ಬಿಟ್ಟರೂ ಗಾಲಿಕುರ್ಚಿಯ ಬಾಡಿಗೆಯನ್ನು ಬಿಡಬೇಡಿ. ಆದರೆ ಗಾಲಿಕುರ್ಚಿ ಇದ್ದರೆ ಸಾಲು ತಪ್ಪುತ್ತದೆ ಎಂದುಕೊಳ್ಳಬೇಡಿ. ಬಹುತೇಕ ಸಾಲುಗಳಲ್ಲಿ ಅದನ್ನು ತಳ್ಳಿಕೊಂಡೇ ಹೋಗುವಷ್ಟು ಅಗಲ ಇರುತ್ತದೆ, ಎಲ್ಲರ ಜೊತೆ ಕಾಯಬೇಕು.

ಅತ್ತೆಗೆ ಸಾಲು ತಪ್ಪಿಸುವ ಪಾಸ್ ಬೇಡವೇ ಬೇಡ. ಅದನ್ನು ಇಡೀ ಕುಟುಂಬಕ್ಕೆ ಕೊಳ್ಳಬೇಕೆಂಬ ನಿಯಮವಿಲ್ಲ, ಯಾರಿಗೆ ಬೇಕೋ ಅವರಿಗಷ್ಟೇ ಕೊಳ್ಳಬಹುದು. ಮಗನ ಎತ್ತರವನ್ನೂ ಅಳೆದು ನೋಡಿ. ಮ್ಯಾಜಿಕ್ ಕಿಂಗ್‌ಡಂನ ಟ್ರಾನ್ ರೈಡಿಗೆ 48 ಇಂಚು, ಯೂನಿವರ್ಸಲ್‌ನ ವೆಲಾಸಿಕೋಸ್ಟರ್‌ಗೆ 51 ಇಂಚು ಬೇಕು. ಆರು ವರ್ಷದ ಮಗು ಅಷ್ಟು ಎತ್ತರ ಇರುವುದು ಅಪರೂಪ. ಹತ್ತಲಾಗದ ರೈಡಿಗೆ ಹಣ ಕಟ್ಟಿ ಬಾಗಿಲಿನಲ್ಲಿ ಅವನು ಅಳುವಂತಾಗಬಾರದು. ಅಂಥ ಕಡೆ ರೈಡರ್ ಸ್ವಿಚ್ ಎಂದು ಕೇಳಿ. ಒಬ್ಬರು ಮಗುವಿನ ಜೊತೆ ಹೊರಗೆ ಇರುತ್ತಾರೆ, ಮೊದಲನೆಯವರು ಇಳಿದು ಬಂದ ಮೇಲೆ ಇನ್ನೊಬ್ಬರು ಪೂರ್ತಿ ಸಾಲು ಕಾಯದೆ ಹತ್ತುತ್ತಾರೆ. ಇದಕ್ಕೆ ಹಣ ಕೊಡಬೇಕಿಲ್ಲ.

ಕುಡಿಯುವ ನೀರನ್ನು ಕೊಳ್ಳಬೇಕಾಗಿಲ್ಲ. ಡಿಸ್ನಿಯ ತಿಂಡಿ ಕೌಂಟರ್‌ಗಳಲ್ಲಿ ಕೇಳಿದರೆ ಐಸ್ ಹಾಕಿದ ನೀರನ್ನು ಲೋಟದಲ್ಲಿ ಉಚಿತವಾಗಿ ಕೊಡುತ್ತಾರೆ. ಹೊರಗಿನಿಂದ ತಿಂಡಿ ಒಯ್ಯಲೂ ಅಡ್ಡಿಯಿಲ್ಲ, ಗಾಜಿನ ಡಬ್ಬಿ ಮಾತ್ರ ಬೇಡ. ಯೂನಿವರ್ಸಲ್‌ನಲ್ಲಿ ಈ ವಿಷಯದಲ್ಲಿ ಹೆಚ್ಚು ಬಿಗಿ, ಅವರ ನಿಯಮವನ್ನು ಓದಿಕೊಂಡು ಹೋಗಿ.

ಕೋಣೆಯ ಬಗ್ಗೆ ಒಂದು ಮಾತು. ಹಿಂದೊಮ್ಮೆ ನಾವು ಪಾರ್ಕಿನ ಹೊರಗೆ ಅಗ್ಗದ ಹೋಟೆಲ್ ಹಿಡಿದಿದ್ದೆವು. ಹೊರಡುವಾಗ ಬಿಲ್ಲಿನಲ್ಲಿ ರೆಸಾರ್ಟ್ ಶುಲ್ಕ ಎಂದು ಪ್ರತಿ ರಾತ್ರಿಗೂ ಸೇರಿಸಿದ್ದರು. ಬಳಸದ ಈಜುಕೊಳಕ್ಕೆ, ಓಡದ ಇಂಟರ್ನೆಟ್ಟಿಗೆ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ 2025ರ ಮೇ 12ರಿಂದ ಜಾರಿಗೆ ಬಂದಿದೆ. ಅದರಂತೆ ಹೋಟೆಲ್‌ಗಳು ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿಯೇ ದರ ತೋರಿಸಬೇಕು. ತೆರಿಗೆ ಮಾತ್ರ ಬೇರೆ ಇರಬಹುದು. ಒರ್ಲ್ಯಾಂಡೊದಲ್ಲಿ ಕೋಣೆಯ ಮೇಲಿನ ತೆರಿಗೆಯೇ ನೂರಕ್ಕೆ ಹನ್ನೆರಡೂವರೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಡಿಸ್ನಿ ತನ್ನ ಹೋಟೆಲ್‌ಗಳಲ್ಲಿ 2018ರಿಂದ ರಾತ್ರಿಯ ಪಾರ್ಕಿಂಗ್‌ಗೆ ಹಣ ಪಡೆಯುತ್ತಿತ್ತು, 2023ರ ಜನವರಿಯಲ್ಲಿ ಅದನ್ನು ತೆಗೆದುಹಾಕಿತು. ಅಲ್ಲಿ ಉಳಿದವರಿಗೆ ಪಾರ್ಕ್‌ಗಳ ಬಳಿಯೂ ಕಾರು ನಿಲ್ಲಿಸಲು ಶುಲ್ಕವಿಲ್ಲ, ಒಳಗಿನ ಬಸ್ ಉಚಿತ. ವಿಮಾನ ನಿಲ್ದಾಣದಿಂದ ಉಚಿತವಾಗಿ ಕರೆತರುತ್ತಿದ್ದ ಬಸ್ ಸೇವೆ 2022ರ ಆರಂಭದಿಂದ ಇಲ್ಲ, ಆ ಖರ್ಚು ಈಗ ನಿಮ್ಮದು. ಎರಡೂ ಕಡೆಯ ಮೊತ್ತವನ್ನು ಹೀಗೆ ಪೂರ್ತಿಯಾಗಿ ಕೂಡಿಸಿ ಹೋಲಿಸಿದಾಗ ನಮಗೆ ಹೊರಗಿನ ಹೋಟೆಲ್ ಅಗ್ಗ ಎನಿಸಲಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಓದಿ ಯಜಮಾನರೂ ನಾನೂ ಕುಳಿತು ಲೆಕ್ಕ ಹಾಕಿದೆವು. ಹೋಗುವುದೆಂದು ತೀರ್ಮಾನವಾಯಿತು, ಒಂದು ದಿನ ಕಡಿಮೆ ಮಾಡಿ. ಒಂದೇ ದಿನ ಎರಡು ಪಾರ್ಕ್‌ಗಳಿಗೆ ಹೋಗುವ ಟಿಕೆಟ್ ಬಿಟ್ಟೆವು, ಫೋಟೊ ಬಿಟ್ಟೆವು. ಮಗಳಿಗೆ ಹನ್ನೊಂದು ವರ್ಷವಾದ್ದರಿಂದ ದೊಡ್ಡವರ ಟಿಕೆಟ್ಟೇ ಬೇಕೆಂದು ಆಗ ತಿಳಿಯಿತು, ಹತ್ತಕ್ಕೇ ಹಾಗಂತೆ. ಉಳಿದದ್ದು ಎರಡು ಅನುಮಾನ. ಮಲ್ಟಿ ಪಾಸ್ ಯಾವ ಪಾರ್ಕಿಗೆ ಕೊಳ್ಳುವುದು? ಯೂನಿವರ್ಸಲ್‌ನಲ್ಲಿ ಸಾಲು ತಪ್ಪಿಸುವ ಎಕ್ಸ್‌ಪ್ರೆಸ್ ಪಾಸ್ ದರ ನೋಡಿ ಕೈ ಹಿಂದೆ ಬಂತು, ಅದಕ್ಕೆ ಏನು ಮಾಡುವುದು?

ಮೊದಲು ಉತ್ತರಿಸಿದವರು

ಮಲ್ಟಿ ಪಾಸ್ ಒಂದೇ ದಿನ ಕೊಳ್ಳುವುದಾದರೆ ಮ್ಯಾಜಿಕ್ ಕಿಂಗ್‌ಡಂಗೆ ಕೊಳ್ಳಿ. ದರ ಅಲ್ಲಿ ಹೆಚ್ಚು, ಆದರೆ ಪಾಸ್ ನಡೆಯುವ ರೈಡ್‌ಗಳೂ ಅಲ್ಲೇ ಹೆಚ್ಚು, ಅದರಲ್ಲೂ ನಿಮ್ಮ ಮಗ ಹತ್ತಬಹುದಾದವು. ಡಿಸ್ನಿಯ ಇನ್ನೊಂದು ಪಾರ್ಕ್ ಆನಿಮಲ್ ಕಿಂಗ್‌ಡಂನಲ್ಲಿ ಬೇಡ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋದರೆ ಸಾಕು. ಡಿಸ್ನಿ ಹೋಟೆಲ್‌ನಲ್ಲಿ ಉಳಿದವರು ಏಳು ದಿನ ಮೊದಲೇ, ಉಳಿದವರು ಮೂರು ದಿನ ಮೊದಲು ಪಾಸ್ ಕಾಯ್ದಿರಿಸಬಹುದು. ಕೊಳ್ಳುವುದಾದರೆ ಕಾಯ್ದಿರಿಸಲು ಅವಕಾಶ ತೆರೆಯುವ ದಿನ ಬೆಳಿಗ್ಗೆಯೇ ಕೊಳ್ಳಿ, ತಡವಾದಷ್ಟೂ ಒಳ್ಳೆಯ ವೇಳೆಗಳು ಹೋಗಿರುತ್ತವೆ.

ಯೂನಿವರ್ಸಲ್‌ಗೆ ಇನ್ನೊಂದು ದಾರಿ ಇದೆ. ಅವರ ಪೋರ್ಟೊಫಿನೊ ಬೇ, ಹಾರ್ಡ್ ರಾಕ್, ರಾಯಲ್ ಪೆಸಿಫಿಕ್ ಹೋಟೆಲ್‌ಗಳಲ್ಲಿ ಕೋಣೆ ಹಿಡಿದರೆ ಕೋಣೆಯಲ್ಲಿರುವ ಎಲ್ಲರಿಗೂ ಎರಡು ಹಳೆಯ ಪಾರ್ಕ್‌ಗಳ ಎಕ್ಸ್‌ಪ್ರೆಸ್ ಪಾಸ್ ಸೇರಿಯೇ ಬರುತ್ತದೆ. 2025ರ ಮೇನಲ್ಲಿ ತೆರೆದ ಅವರ ಹೊಸ ಪಾರ್ಕ್ ಎಪಿಕ್ ಯೂನಿವರ್ಸ್‌ಗೆ ಅದು ನಡೆಯುವುದಿಲ್ಲ. ಐವರಿಗೆ ಬೇರೆಯಾಗಿ ಪಾಸ್ ಕೊಳ್ಳುವ ಮೊತ್ತಕ್ಕಿಂತ ಒಂದು ರಾತ್ರಿಯ ಕೋಣೆ ಕಡಿಮೆ ಬೀಳುವ ದಿನಗಳಿವೆ. ಒಂದು ಕೋಣೆಯಲ್ಲಿ ಐವರಿಗೆ ಅವಕಾಶ ಉಂಟೇ ಎಂದು ಮಾತ್ರ ಮೊದಲು ಕೇಳಿಕೊಳ್ಳಿ. ಮಗಳೂ ಯಜಮಾನರೂ ಬೇರೆ ಬೇರೆಯಾಗಿ ಕೂರಲು ಒಪ್ಪಿದರೆ ಕೆಲವು ರೈಡ್‌ಗಳಲ್ಲಿ ಒಬ್ಬೊಬ್ಬರಾಗಿ ಹತ್ತುವವರ ಸಾಲು ಇರುತ್ತದೆ, ಅದಕ್ಕೆ ಹಣವಿಲ್ಲ.