ಚರ್ಚೆ: ಹೆನ್ರಿ ಜಾನ್ಸನ್‌ಗೆ 97 ವರ್ಷದ ಮೇಲೆ ಪದಕ. ಕಾಲಮಿತಿ ಸಡಿಲಿಸಿದ್ದು ಸರಿಯಾ?

ತುಂಗಾತೀರ
1918ರ ಮೇ 15ರ ರಾತ್ರಿ, ಫ್ರಾನ್ಸಿನ ಆರ್ಗಾನ್ ಕಾಡು. ಕಾವಲಿಗಿದ್ದ ಅಮೆರಿಕದ ಕಪ್ಪುವರ್ಣೀಯ ಸೈನಿಕ ಹೆನ್ರಿ ಜಾನ್ಸನ್ ಮೇಲೆ ಜರ್ಮನ್ ದಳ ಮುಗಿಬಿತ್ತು. ಬಂದೂಕು ಕೈಕೊಟ್ಟಿತು. ಅದರ ಹಿಡಿಯಿಂದಲೇ ಬಡಿದರು, ಆಮೇಲೆ ಬೋಲೋ ಎಂಬ ಅಗಲ ಅಲಗಿನ ಕತ್ತಿ ಎಳೆದರು. ಗಾಯಗೊಂಡ ಜೊತೆಗಾರ ನೀಡಮ್ ರಾಬರ್ಟ್ಸ್‌ನನ್ನು ಹೊತ್ತೊಯ್ಯಲು ಬಿಡಲಿಲ್ಲ. ಮೈಮೇಲೆ 21 ಗಾಯ. ಫ್ರಾನ್ಸ್ ಆಗಲೇ ತನ್ನ ಶೌರ್ಯ ಪದಕ ಕೊಟ್ಟಿತು. ಅವರ ಸ್ವಂತ ದೇಶ ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಕೊಟ್ಟಿದ್ದು 1996ರಲ್ಲಿ, ತನ್ನ ಅತ್ಯುನ್ನತ ಶೌರ್ಯ ಪದಕ ಮೆಡಲ್ ಆಫ್ ಆನರ್ ಕೊಟ್ಟಿದ್ದು 2015ರಲ್ಲಿ. ಅವರು 1929ರಲ್ಲೇ ತೀರಿಕೊಂಡಿದ್ದರು. ಅದಕ್ಕೂ ಅಲ್ಲಿನ ಸಂಸತ್ತು, ಪದಕ ಇಂತಿಷ್ಟು ವರ್ಷದೊಳಗೆ ಕೊಡಬೇಕು ಅನ್ನುವ ಕಾಲಮಿತಿ ಸಡಿಲಿಸಿ ಕಾನೂನು ಮಾಡಬೇಕಾಯಿತು. ಇಂಥ ಕಾನೂನು ಇನ್ನೂ ಜಾಸ್ತಿ ಬರಬೇಕು.

ಕಡತಪ್ರಿಯ
"ಇನ್ನೂ ಜಾಸ್ತಿ" ಯಾಕೆ? ಪದಕ ಸೇನೆ ತೀರ್ಮಾನಿಸಬೇಕು, ಓಟು ಕೇಳುವವರಲ್ಲ. ಕಣ್ಣಾರೆ ಕಂಡವರು ಬದುಕಿರುವಾಗಲೇ ವಿಚಾರಣೆ ಮುಗಿಯಲಿ ಅಂತಲೇ ಕಾಲಮಿತಿ ಇಟ್ಟಿರುವುದು. 97 ವರ್ಷ ಆದಮೇಲೆ ಯಾರನ್ನು ಕೇಳುತ್ತೀರಿ?

ನ್ಯೂಜೆರ್ಸಿ ಕನ್ನಡಿಗ
ಯಾರನ್ನೂ ಕೇಳಬೇಕಿಲ್ಲ ಸರ್. ಫ್ರಾನ್ಸಿನಲ್ಲಿದ್ದ ಅಮೆರಿಕ ಸೇನೆಯ ದಂಡನಾಯಕ ಜನರಲ್ ಪರ್ಶಿಂಗ್ ಅದೇ 1918ರ ಮೇ ತಿಂಗಳಲ್ಲಿ ಕಳಿಸಿದ ವರದಿಯಲ್ಲೇ ಇದೆ. ನ್ಯೂಯಾರ್ಕ್ ರಾಜ್ಯದ ಸೆನೆಟರ್ ಶೂಮರ್ ಅದನ್ನೇ ಮುಂದಿಟ್ಟು ವರ್ಷಗಟ್ಟಲೆ ಬೆನ್ನುಹತ್ತಿದರು. ಜಾನ್ಸನ್ ಅವರ ಬಿಡುಗಡೆ ಪತ್ರದಲ್ಲಿ ಗಾಯದ ಸುದ್ದಿಯೇ ಇರಲಿಲ್ಲ. ಒಂದು ಪೈಸೆ ಪರಿಹಾರ ಸಿಗದೆ ಸತ್ತರು ಆ ಮನುಷ್ಯ.

ಕಡತಪ್ರಿಯ
"ಒಂದು ಪೈಸೆ" ಅನ್ನುವುದು ಸುಳ್ಳು. 1927ರ ಸೆಪ್ಟೆಂಬರ್‌ನಲ್ಲಿ ಪೂರ್ಣ ಅಂಗವೈಕಲ್ಯ ಅಂತ ಮಂಜೂರಾಗಿದೆ, ತಿಂಗಳು ತಿಂಗಳು ಹಣ ಬಂದಿದೆ. ದಾಖಲೆ ಇದೆ.

ನ್ಯೂಜೆರ್ಸಿ ಕನ್ನಡಿಗ
ಅದು ಕ್ಷಯರೋಗಕ್ಕೆ! 21 ಗಾಯಕ್ಕಲ್ಲ. ಅರ್ಧ ದಾಖಲೆ ಓದಬೇಡಿ.

ಕಡತಪ್ರಿಯ
ಯಾವುದಕ್ಕಾದರೂ ಇರಲಿ, ಹಣ ಬಂತೋ ಇಲ್ವೋ?

ಮಲೆನಾಡ ಹುಡುಗಿ
ಮೊದಲ ಮಹಾಯುದ್ಧ ನಡೆದಾಗ ಒಬ್ಬನೇ ಒಬ್ಬ ಕಪ್ಪುವರ್ಣೀಯನಿಗೂ ಮೆಡಲ್ ಆಫ್ ಆನರ್ ಸಿಗಲಿಲ್ಲ. ಅದೇ ಯುದ್ಧದಲ್ಲಿ ಮಡಿದ ಫ್ರೆಡ್ಡಿ ಸ್ಟೋವರ್ಸ್ ಅವರಿಗೆ ಸಿಕ್ಕಿದ್ದೂ 1991ರಲ್ಲಿ. ಸೇನೆಗೇ ಬಿಟ್ಟರೆ ಆಗುವುದು ಇದೇ. ಅದನ್ನು ಬಿಟ್ಟು ಪಿಂಚಣಿ ಹಿಡಿದುಕೊಂಡು ಕೂತಿದ್ದೀರಲ್ಲ.

ಸುಬೇದಾರರ ಮಗ
"ಯಾವುದಕ್ಕಾದರೂ ಇರಲಿ" ಅಂದ್ರಲ್ಲ ಕಡತಪ್ರಿಯ ಅವರೇ, ಅದು ಸಣ್ಣ ಮಾತಲ್ಲ. 71ರ ಯುದ್ಧದಲ್ಲಿ ನಮ್ಮಪ್ಪನ ಮಂಡಿಗೆ ಚೂರು ಹೊಕ್ಕಿತ್ತು. ಡಿಸ್ಚಾರ್ಜ್ ಬುಕ್‌ನಲ್ಲಿ ಬರೆದಿದ್ದು "ಕೀಲುನೋವು". ಯುದ್ಧದ ಗಾಯ ಅಂತ ಬರೆಸಲು ಅಲೆದಲೆದು ಅರ್ಜಿ ಕೊಟ್ಟರು. ಆ ಪುಸ್ತಕದ ಮಡಿಕೆಗಳಿಗೆ ಅಮ್ಮ ಸೆಲ್ಲೋಟೇಪ್ ಹಚ್ಚಿದ್ದಾರೆ, ಅದೂ ಈಗ ಹಳದಿಯಾಗಿದೆ. ಯಾವುದಕ್ಕೆ ಅಂತ ಬರೆಯುವುದೇ ಗೌರವ.

ಕಡತಪ್ರಿಯ
ನಿಮ್ಮ ತಂದೆಯವರ ಮೇಲೆ ಗೌರವ ಇದೆ. ಆದರೆ ಭಾವನೆ ಸಾಕ್ಷಿ ಆಗುವುದಿಲ್ಲ.

ಸುಬೇದಾರರ ಮಗ
ಭಾವನೆನಾ? ಎಕ್ಸ್-ರೇ ಇದೆ ರೀ ಮನೇಲಿ! ಚೂರು ಕಾಣಿಸುತ್ತೆ, ಬಂದು ನೋಡಿ.

ತುಂಗಾತೀರ
ಸಮಾಧಾನ. ಸಾಕ್ಷಿ ಬೇಕು ಅಂದವರಿಗೆ ಇನ್ನೊಂದು. ಜಾನ್ಸನ್ ಅವರನ್ನು ಅನಾಥರ ಗುಂಡಿಯಲ್ಲಿ ಹೂತಿದ್ದಾರೆ ಅಂತ ಮನೆಯವರು ನಂಬಿದ್ದರು. ಸಮಾಧಿ ಇದ್ದಿದ್ದು ಅಮೆರಿಕದ ರಾಷ್ಟ್ರೀಯ ಸೈನಿಕ ಸ್ಮಶಾನ ಆರ್ಲಿಂಗ್ಟನ್‌ನಲ್ಲಿ. ಕಾಲ ಕಳೆದರೂ ಹುಡುಕಿದರೆ ಸಿಗುತ್ತದೆ.

ಕಡತಪ್ರಿಯ
ಆರ್ಲಿಂಗ್ಟನ್‌ನಲ್ಲಿ ಹೂತಿದ್ದಾರೆ ಅಂದರೆ 1929ರಲ್ಲೇ ಸೇನೆ ಗೌರವ ಕೊಟ್ಟಿದೆ ಅಂತಾಯ್ತಲ್ವಾ? ನನ್ನ ಮಾತೇ ನೀವು ಹೇಳಿದಿರಿ.

ನ್ಯೂಜೆರ್ಸಿ ಕನ್ನಡಿಗ
ಸತ್ತಮೇಲೆ ಕೊಟ್ಟ ಆರಡಿ ನೆಲ ಗೌರವನಾ? ಯುದ್ಧಕ್ಕೆ ಮುಂಚೆ ಅವರು ಆಲ್ಬನಿ ಸ್ಟೇಷನ್ನಿನಲ್ಲಿ ಪೋರ್ಟರ್. ಬರುವಾಗ ಎಡಪಾದದಲ್ಲಿ ಲೋಹದ ತಗಡು. ಆ ಕಾಲಿಟ್ಟುಕೊಂಡು ಪೆಟ್ಟಿಗೆ ಹೊರಲು ಆಗಲಿಲ್ಲ. 1919ರಿಂದ 1927ರವರೆಗೆ ಊಟಕ್ಕೇನು ಮಾಡಿದರು, ಅದಕ್ಕೆ ಉತ್ತರ ಕೊಡಿ.

ಕಡತಪ್ರಿಯ
ಅಂದರೆ 1927ರಲ್ಲಿ ಬಂತು ಅಂತ ಒಪ್ಪಿದ ಹಾಗಾಯ್ತು.

ಸುಬೇದಾರರ ಮಗ
ಎಂಟು ವರ್ಷ ಸರ್. ಎಂಟು ವರ್ಷ.