ಮುಲ್ಕಿಯ ರಘುನಂದನ ಕಾಮತರ ಬಗ್ಗೆ ಮಕ್ಕಳಿಗೆ ಏನು ಹೇಳಲಿ?

ಕಡಲತಡಿ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಮುಲ್ಕಿ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಮ್ಮಲ್ಲಿ ವಾರಕ್ಕೊಂದು ದಿನ ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಹತ್ತು ನಿಮಿಷ ಊರಿನ ಒಬ್ಬರ ಬಗ್ಗೆ ಮಾತಾಡುವ ರೂಢಿ ಇದೆ. ಈ ಸಲ ನ್ಯಾಚುರಲ್ಸ್ ಐಸ್‌ಕ್ರೀಂ ಕಟ್ಟಿದ ರಘುನಂದನ ಕಾಮತರನ್ನು ಆರಿಸಿಕೊಂಡಿದ್ದೇನೆ. ಅವರ ಮೊದಲ ಅಂಗಡಿ ಶುರುವಾದದ್ದು 1984ರ ಫೆಬ್ರವರಿ 14ಕ್ಕೆ, ಹಾಗಾಗಿ ಅದೇ ದಿನ ಹೇಳೋಣ ಅಂತ. ಅವರು ತೀರಿಕೊಂಡದ್ದು 2024ರ ಮೇ 17ರಂದು. ಮೇ ತಿಂಗಳಲ್ಲಿ ನಮ್ಮ ಶಾಲೆಗೆ ರಜೆ.

ನನ್ನ ತೊಂದರೆ ಏನೆಂದರೆ, ಎಲ್ಲಿ ಓದಿದರೂ ಇಷ್ಟು ಕೋಟಿ, ಅಷ್ಟು ಅಂಗಡಿ ಅಂತಲೇ ಬರುತ್ತದೆ. ಆರನೇ ಏಳನೇ ಕ್ಲಾಸಿನ ಮಕ್ಕಳಿಗೆ ಕೋಟಿ ಎಂದರೆ ಏನು ಹೇಳಿ? ನನ್ನ ಕ್ಲಾಸಿನ ಅರ್ಧ ಮಕ್ಕಳ ಅಪ್ಪಂದಿರು ಬೊಂಬಾಯಿಯಲ್ಲೋ ಗಲ್ಫಿನಲ್ಲೋ ಇದ್ದಾರೆ, ವರ್ಷಕ್ಕೊಮ್ಮೆ ಊರಿಗೆ ಬರುತ್ತಾರೆ. ಆ ಮಕ್ಕಳಿಗೆ ಮನಸ್ಸಿಗೆ ಹತ್ತುವ ಹಾಗೆ ಹೇಳಬೇಕು. ಅವರ ಮನೆ, ಅಪ್ಪ, ಅಣ್ಣಂದಿರು, ಶುರುವಿನ ದಿನಗಳು, ಇಂಥದ್ದು. ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಜುಹುವಿನಲ್ಲಿ 30 ವರ್ಷ:

ಟೀಚರ್, ಒಳ್ಳೆಯ ಕೆಲಸ. ನಾನು ಅವರನ್ನು ಹತ್ತಿರದಿಂದ ಬಲ್ಲವನಲ್ಲ, ಆದರೆ ಇಲ್ಲಿ ನಮ್ಮ ಕಡೆಯವರ ಬಾಯಲ್ಲಿ ಅವರ ಹೆಸರು ಬರದ ದಿನ ಕಡಿಮೆ.

ಅವರ ತಂದೆ ಹಣ್ಣಿನ ವ್ಯಾಪಾರಿ. ಏಳು ಮಕ್ಕಳು, ಇವರೇ ಕೊನೆಯವರು. ಚಿಕ್ಕಂದಿನಲ್ಲಿ ಅಪ್ಪನ ಜೊತೆಗಿದ್ದು ಯಾವ ಹಣ್ಣು ಇವತ್ತಿಗೆ ಆಗುತ್ತದೆ, ಯಾವುದು ನಾಳೆಗೆ, ಯಾವುದು ಹಣ್ಣಾದ ಹಾಗೆ ಕಂಡರೂ ಒಳಗೆ ಕಾಯಿ ಅಂತ ಕಲಿತವರು. ಹದಿಹರೆಯದಲ್ಲೇ ಬೊಂಬಾಯಿಗೆ ಬಂದು ಅಣ್ಣಂದಿರ ಹೋಟೆಲ್ ಸೇರಿಕೊಂಡರು. ಗೋಕುಲ್ ಅಂತ ಅದರ ಹೆಸರು. ಅವತ್ತಿನ ದಿನಗಳಲ್ಲಿ ನಮ್ಮ ತುಳುನಾಡಿನ ಹುಡುಗರು ಬರುತ್ತಿದ್ದದ್ದೇ ಹಾಗೆ. ಮೊದಲು ಒಬ್ಬ ಅಣ್ಣ ಬರುತ್ತಿದ್ದ, ಅವನು ಕಾಲೂರಿದ ಮೇಲೆ ತಮ್ಮನನ್ನು ಕರೆಸುತ್ತಿದ್ದ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ನೈಟ್ ಸ್ಕೂಲಿನಲ್ಲಿ ಓದಿದವರು ಸಾವಿರಾರು ಜನ. ಇದನ್ನು ಮಕ್ಕಳಿಗೆ ಖಂಡಿತ ಹೇಳಿ. ಕೆಲವರ ಅಜ್ಜಂದಿರೇ ಹಾಗೆ ಓದಿರಬಹುದು.

ಹಣ್ಣಿನ ತಿರುಳನ್ನೇ ಹಾಕಿ ಐಸ್‌ಕ್ರೀಂ ಮಾಡಿದರೆ ಹೇಗೆ ಅಂತ ಅವರಿಗೆ ಹೊಳೆದದ್ದು ಅಣ್ಣನ ಹೋಟೆಲಿನಲ್ಲಿ ಇದ್ದಾಗಲೇ. 1983ರಲ್ಲಿ ಮದುವೆ ಆಯಿತು. ಮರುವರ್ಷ ಜುಹುವಿನಲ್ಲಿ ಸ್ವಂತ ಅಂಗಡಿ. ಹೊಸದಾಗಿ ಮದುವೆಯಾದವನು ಅಣ್ಣನ ಆಸರೆ ಬಿಟ್ಟು ಹೊರಗೆ ಬರುವುದು ಸುಮ್ನೆ ಅಲ್ಲ. ನಾನೂ ಅದನ್ನು ಮಾಡಿದವನು, ಹಾಗಾಗಿ ಗೊತ್ತು. ನನ್ನ ಹೆಂಡತಿ ಆ ಎರಡು ವರ್ಷ ಮನೆ ಹೇಗೆ ನಡೆಸಿದಳೋ ನನಗೆ ಇವತ್ತಿಗೂ ಲೆಕ್ಕ ಸಿಕ್ಕಿಲ್ಲ.

ಮಕ್ಕಳಿಗೆ ಇಷ್ಟವಾಗುವ ಒಂದು ವಿಷಯ. ಆ ಅಂಗಡಿಯಲ್ಲಿ ಮೊದಲು ಮುಖ್ಯವಾಗಿ ಮಾರುತ್ತಿದ್ದದ್ದು ಐಸ್‌ಕ್ರೀಂ ಅಲ್ಲ, ಪಾವ್‌ಭಾಜಿ. ಬರೀ ಐಸ್‌ಕ್ರೀಂ ಇಟ್ಟರೆ ಜನ ಬರುತ್ತಾರೋ ಇಲ್ಲವೋ ಅನ್ನುವ ಅಳುಕಿತ್ತು. ಖಾರ ಖಾರ ಪಾವ್‌ಭಾಜಿ ತಿಂದವರು ಬಾಯಿ ತಣ್ಣಗೆ ಮಾಡಿಕೊಳ್ಳಲು ಐಸ್‌ಕ್ರೀಂ ತೆಗೆದುಕೊಳ್ಳುತ್ತಿದ್ದರು. ಆಮೇಲೆ ಜನ ಐಸ್‌ಕ್ರೀಂ ಕೇಳಿಕೊಂಡೇ ಬರಲು ಶುರು ಮಾಡಿದಾಗ ಪಾವ್‌ಭಾಜಿ ನಿಲ್ಲಿಸಿದರು.

ಪಡುಬಿದ್ರಿ ಹುಡುಗ:

ಇವರೇ ಅಲ್ವಾ ಮಂಗಳೂರಿನ ಐಡಿಯಲ್ ಐಸ್‌ಕ್ರೀಂ ಶುರು ಮಾಡಿದ ಕಾಮತರು? ನಾವು ಚಿಕ್ಕವರಿರುವಾಗ ಬಟ್ಟೆ ತೆಗೆಯಲು ಮಂಗಳೂರಿಗೆ ಹೋದರೆ ಗಡ್‌ಬಡ್ ತಿನ್ನದೆ ಬಸ್ ಹತ್ತುತ್ತಿರಲಿಲ್ಲ.

ಜುಹುವಿನಲ್ಲಿ 30 ವರ್ಷ:

ಅಲ್ಲ ತಮ್ಮ, ಅವರು ಬೇರೆ. ಐಡಿಯಲ್ ಶುರು ಮಾಡಿದವರು ಪ್ರಭಾಕರ ಕಾಮತರು. 1975ರಲ್ಲಿ ಮಂಗಳೂರಿನ ಮಾರ್ಕೆಟ್ ರಸ್ತೆಯಲ್ಲಿ. ಅವರು 2019ರಲ್ಲಿ ತೀರಿಕೊಂಡರು. ಇಬ್ಬರೂ ಕಾಮತರು, ಇಬ್ಬರದ್ದೂ ಐಸ್‌ಕ್ರೀಂ, ಹಾಗಾಗಿ ಜನ ಒಂದೇ ಅಂದುಕೊಳ್ಳುತ್ತಾರೆ. ಟೀಚರ್, ಮಕ್ಕಳೂ ಇದನ್ನು ಕೇಳಬಹುದು, ನೆನಪಿಟ್ಟುಕೊಳ್ಳಿ.

ಕುಂದಾಪುರ ಕೂಲ್ ಪಾಯಿಂಟ್:

ನಾನು ಹನ್ನೊಂದು ವರ್ಷದಿಂದ ಸಣ್ಣದಾಗಿ ಐಸ್‌ಕ್ರೀಂ ಮಾಡಿ ಮಾರುತ್ತೇನೆ. ಕಾಮತರು ತೀರಿಕೊಂಡ ಸುದ್ದಿ ಬಂದ ದಿನ ನನಗೆ ನಿಜಕ್ಕೂ ಬೇಸರವಾಯಿತು, ಯಾಕೆಂದರೆ ನಾನು ಈ ಕೆಲಸಕ್ಕೆ ಇಳಿದದ್ದೇ ಅವರನ್ನು ನೋಡಿ.

ಅವರು ಹಿಡಿದ ದಾರಿ ಎಷ್ಟು ಕಷ್ಟದ್ದು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಎಸೆನ್ಸ್ ಹಾಕಿದರೆ ಎರಡು ಹನಿಯಲ್ಲಿ ಕೆಲಸ ಮುಗಿಯಿತು, ವರ್ಷವಿಡೀ ಒಂದೇ ರುಚಿ. ಹಣ್ಣು ಹಾಗಲ್ಲ. ಒಂದು ಬುಟ್ಟಿ ಸಿಹಿ, ಇನ್ನೊಂದು ಸಪ್ಪೆ. ಹಣ್ಣಿನಲ್ಲಿ ನೀರು ಜಾಸ್ತಿ, ಹಾಗೇ ಹಾಕಿದರೆ ಐಸ್‌ಕ್ರೀಂ ತಿನ್ನುವಾಗ ನಾಲಗೆಗೆ ಮರಳಿನ ಹಾಗೆ ಮಂಜುಗಡ್ಡೆಯ ಹರಳು ಸಿಗುತ್ತದೆ. ಹಾಲನ್ನು ಚೆನ್ನಾಗಿ ಕಾಯಿಸಿ ಇಂಗಿಸಬೇಕು, ತಿರುಳು ಗಟ್ಟಿ ಇರಬೇಕು, ಸಕ್ಕರೆ ಹದ ನೋಡಬೇಕು. ಹಾಲು, ಸಕ್ಕರೆ, ಹಣ್ಣು, ಇಷ್ಟರಲ್ಲೇ ಎಲ್ಲ ಆಗಬೇಕು ಅನ್ನುವುದು ಅವರ ಹಟ.

ಸೀತಾಫಲದ್ದು ದೊಡ್ಡ ರಗಳೆ. ಬೀಜ ಬಿಡಿಸಲು ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಎಲ್ಲ ಕಹಿ. ಕೈಯಲ್ಲೇ ಬಿಡಿಸುತ್ತಾ ಕೂತರೆ ತಿರುಳು ಕಪ್ಪಾಗುತ್ತದೆ. ಎಳನೀರಿನದ್ದು ಇನ್ನೊಂದು ಬಗೆ. ಗಂಜಿ ತೀರಾ ತೆಳುವಾದರೆ ರುಚಿ ಇಲ್ಲ, ಬಲಿತರೆ ಕಾಯಿತುರಿ ಅಗಿದ ಹಾಗೆ. ಇಂಥ ಹಣ್ಣುಗಳಿಗೆ ಯಂತ್ರ ಮಾರುಕಟ್ಟೆಯಲ್ಲಿ ಸಿಗುತ್ತಿರಲಿಲ್ಲ, ಕಾಮತರು ತಮಗೆ ಬೇಕಾದ ಹಾಗೆ ತಾವೇ ಮಾಡಿಸಿಕೊಂಡರು. ಕಾಲೇಜಿಗೆ ಹೋಗಿ ಎಂಜಿನಿಯರಿಂಗ್ ಓದಿದವರಲ್ಲ. ಅಪ್ಪನ ಬುಟ್ಟಿಯಲ್ಲಿದ್ದ ಹಣ್ಣಿನ ಗುಣ ಗೊತ್ತಿತ್ತು, ಅದರಿಂದ ಯಂತ್ರದ ಬುದ್ಧಿಯೂ ಬಂತು ಅಂತ ನನಗನಿಸುತ್ತದೆ.

ಕೊನೆಗೆ 150ಕ್ಕೂ ಜಾಸ್ತಿ ಅಂಗಡಿ ಆದದ್ದು ನಿಜ. ಅದನ್ನು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗಿ ಟೀಚರ್. ಸೀತಾಫಲದ ಬೀಜದ ವಿಷಯ ಮಾತ್ರ ಬಿಡಬೇಡಿ.

ಹಣ್ಣಂಗಡಿ ಮನೆಯವಳು:

ನಾನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನನ್ನ ಅಪ್ಪನೂ ಹಣ್ಣಿನ ವ್ಯಾಪಾರಿ. ಮೂಡುಬಿದಿರೆಯಲ್ಲಿ ಸಣ್ಣ ಅಂಗಡಿ ಇತ್ತು, ಹೋದ ವರ್ಷ ತೀರಿಕೊಂಡರು. ಬೆಳಗಿನ ಜಾವ ಎದ್ದು ಮಾರ್ಕೆಟಿಗೆ ಹೋಗಿ, ಬುಟ್ಟಿ ಇಳಿಸಿ, ಒಂದೊಂದೇ ಹಣ್ಣು ಮೂಸಿ ಬೇರೆ ಮಾಡುತ್ತಿದ್ದರು. ನಾವು ಮೂವರು ಮಕ್ಕಳು. ಮನೆಗೆ ಬರುತ್ತಿದ್ದದ್ದು ಯಾವಾಗಲೂ ಕಲೆ ಬಿದ್ದ ಹಣ್ಣು, ಒಳ್ಳೆಯದು ಗಿರಾಕಿಗೆ. ಆದರೆ ನಮ್ಮ ಪರೀಕ್ಷೆ ಮುಗಿದ ದಿನ ಮಾತ್ರ ಅಂಗಡಿಯ ಅತಿ ಒಳ್ಳೆಯ ಮಾವಿನಹಣ್ಣು ಮೂರು, ಕಾಗದದಲ್ಲಿ ಸುತ್ತಿ ತರುತ್ತಿದ್ದರು. ತಾನು ತಿಂದದ್ದು ನಾನು ನೋಡಿಲ್ಲ. ಗೊರಟು ಚೀಪುತ್ತಿದ್ದರು.

ಕಾಮತರ ತಂದೆಯ ಬಗ್ಗೆ ಪತ್ರಿಕೆಯಲ್ಲಿ ಒಂದೇ ಸಾಲು ಬರುತ್ತದೆ, ಹಣ್ಣು ಮಾರುತ್ತಿದ್ದರು ಅಂತ. ಏಳು ಮಕ್ಕಳ ಹೊಟ್ಟೆ ಹಣ್ಣಿನ ವ್ಯಾಪಾರದಲ್ಲಿ ತುಂಬಿಸುವುದು ಅಂದರೆ ಏನು ಅಂತ ಆ ಮನೆಯಲ್ಲಿ ಬೆಳೆದವರಿಗೇ ಗೊತ್ತು. ಮಳೆ ಹಿಡಿದರೆ ಎರಡು ದಿನಕ್ಕೆ ಮಾಲು ಕೊಳೆಯುತ್ತದೆ, ಆ ತಿಂಗಳ ಫೀಸು ಹೋಯಿತು. ಟೀಚರ್, ಆ ಅಪ್ಪನಿಂದಲೇ ಶುರು ಮಾಡಿ. ಕಾಮತರ ಮಗ ಸಿದ್ಧಾಂತ್ ಈಗ ಕಂಪನಿ ನೋಡಿಕೊಳ್ಳುತ್ತಿದ್ದಾರೆ. ಅಜ್ಜ ಮಗನಿಗೆ ಕಲಿಸಿದ್ದು, ಮಗ ಮೊಮ್ಮಗನ ಕೈಗೆ ಕೊಟ್ಟದ್ದು, ಒಂದೇ ವಿದ್ಯೆ ಅಲ್ವಾ.

ಕಡಲತಡಿ ಟೀಚರ್:

ಅಕ್ಕ, ನೀವು ಬರೆದದ್ದು ಓದಿ ಸ್ವಲ್ಪ ಹೊತ್ತು ಏನೂ ಮಾಡಲಾಗಲಿಲ್ಲ. ನಿಮ್ಮ ಅಪ್ಪನ ವಿಷಯವನ್ನು, ಹೆಸರು ಹೇಳದೆ, ಮಕ್ಕಳಿಗೆ ಹೇಳಬಹುದೇ? ನೀವು ಹೂಂ ಅಂದರೆ ಮಾತ್ರ.

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ಯೋಚನೆ ಬಂದಿದೆ. ಫೆಬ್ರವರಿಯಲ್ಲಿ ಸೀತಾಫಲ ಸಿಗುವುದಿಲ್ಲ, ಆದರೆ ಚಿಕ್ಕು ಸಿಗುತ್ತದೆ. ಒಂದು ಬುಟ್ಟಿ ಚಿಕ್ಕು ತಂದು ಮೇಜಿನ ಮೇಲೆ ಇಟ್ಟು, ಯಾವುದು ಬಲಿತದ್ದು ಹೇಳಿ ಅಂತ ಮಕ್ಕಳನ್ನೇ ಕೇಳುತ್ತೇನೆ. ಉಗುರಿನಲ್ಲಿ ಸಿಪ್ಪೆ ಸ್ವಲ್ಪ ಕೆರೆದರೆ ಒಳಗೆ ಹಸಿರು ಕಂಡರೆ ಇನ್ನೂ ಬಲಿತಿಲ್ಲ ಅಂತ ನನ್ನ ಅಜ್ಜಿ ಹೇಳುತ್ತಿದ್ದರು. ಕೂಲ್ ಪಾಯಿಂಟಿನವರೇ, ಇದು ಸರಿಯಾ?

ಕುಂದಾಪುರ ಕೂಲ್ ಪಾಯಿಂಟ್:

ನೂರಕ್ಕೆ ನೂರು ಸರಿ. ಹಣ್ಣು ಎರಡು ದಿನ ಮೊದಲೇ ತಂದು ಅಕ್ಕಿ ಡಬ್ಬದಲ್ಲಿ ಇಡಿ, ಕೆಲವನ್ನು ಹೊರಗೇ ಬಿಡಿ. ಆಗ ಬುಟ್ಟಿಯಲ್ಲಿ ಎರಡೂ ಬಗೆ ಇರುತ್ತದೆ.

ಹಣ್ಣಂಗಡಿ ಮನೆಯವಳು:

ಹೇಳಿ ಟೀಚರ್. ಮೂರು ಮಾವಿನಹಣ್ಣಿನ ವಿಷಯ ಹೇಳುವಾಗ ಕಾಗದ ಅನ್ನುವುದನ್ನು ಮರೆಯಬೇಡಿ. ಹಳೆಯ ಪೇಪರು, ಅಂಚು ಮಡಚಿ, ದಾರ ಕಟ್ಟಿ ತರುತ್ತಿದ್ದರು.